ಪುಸ್ತಕದಲ್ಲಿದ್ದ ಹೆಂಗಸು

ಮಗಳ ಮೊದಲ ಕಾದಂಬರಿ ಅಚ್ಚಾಗಿ ಮನೆಗೆ ಬಂದ ದಿನ ಆಯಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಅಂಟಿನ ವಾಸನೆ, ಬಣ್ಣದ ವಾಸನೆ. ಆಮೇಲೆ ತಿರುಗಿಸಿ ಹಿಂಬದಿಯ ಫೋಟೋ ನೋಡಿದಳು.

"ಸ್ವಲ್ಪ ನಗಬಾರದಿತ್ತೇನೇ? ಬಾಡಿಗೆ ವಸೂಲಿಗೆ ಬಂದವಳ ಹಾಗೆ ನಿಂತಿದ್ದೀಯ."

"ಬರೆಯೋರು ನಗಬಾರದು ಅಂತ ಫೋಟೋದವನೇ ಹೇಳಿದಮ್ಮ" ಎಂದಳು ಮಗಳು. ಹೇಳುವಾಗ ಮುಖದ ತುಂಬ ನಗು.

ಮಗಳಿಗೆ ಪತ್ರಿಕೆಯ ಕಚೇರಿಯೊಂದರಲ್ಲಿ ಕರಡು ತಿದ್ದುವ ಕೆಲಸ. ಊರವರ ತಪ್ಪನ್ನೆಲ್ಲ ತಿದ್ದಿ ತಿದ್ದಿ ಸಾಕಾಗಿ ತನ್ನದೇ ಒಂದನ್ನು ಬರೆದೆ ಎಂದು ತಮಾಷೆ ಮಾಡುತ್ತಿದ್ದಳು. ಆಯಮ್ಮನಿಗೆ ಓದು ಬರುತ್ತಿತ್ತು, ಆದರೆ ಸರಾಗವಾಗಿ ಅಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದವನ್ನು ನೆಲಕ್ಕೂರಿ ನಡೆದ ಹಾಗೆ ಓದುವವಳು. ಆ ಶನಿವಾರ ಸಂಜೆ ಕಿಟಕಿಯ ಬಳಿ ಕೂತು ಶುರು ಮಾಡಿದಳು. ಭಾನುವಾರ ಒಲೆ ಹಚ್ಚುವುದನ್ನೂ ಮರೆತಳು. ಹೀಗೆ ಮೂರು ಭಾನುವಾರ ಕಳೆದವು.

ಕಥೆಯಲ್ಲಿ ಒಂದು ದೊಡ್ಡ ಮನೆ. ಅಲ್ಲೊಬ್ಬ ಯಜಮಾನಿ, ಅವಳನ್ನು ನೋಡಿಕೊಳ್ಳುವ ಹೆಂಗಸು. ಆ ಹೆಂಗಸು ಪಾತ್ರೆಗಳ ಜೊತೆ ಮಾತಾಡುತ್ತಾಳೆ. ಮಾತು ಶುರುಮಾಡುವ ಮುಂಚೆ ಸಣ್ಣಗೆ ಕೆಮ್ಮುತ್ತಾಳೆ. ಕೂರಲು ಹೇಳಿದರೂ ಕುರ್ಚಿಯ ತುದಿಯಲ್ಲೇ ಕೂರುತ್ತಾಳೆ, ಯಾರೋ ಎಬ್ಬಿಸಿಯೇ ಬಿಡುತ್ತಾರೆ ಎನ್ನುವ ಹಾಗೆ. ಓದುತ್ತ ಓದುತ್ತ ಆಯಮ್ಮನ ಕಣ್ಣು ಮಂಜಾಯಿತು. ಅಯ್ಯೋ, ಇದು ನಾನೇ! ಶಾಲೆ ಬಿಟ್ಟ ಮೇಲೆ ತಾನು ದುಡಿಯುವ ದೊಡ್ಡಮ್ಮನವರ ಮನೆಯ ಬಟ್ಟೆ ಒಗೆಯುವ ಮೂಲೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದ ಹುಡುಗಿ ಇಷ್ಟೆಲ್ಲ ನೋಡುತ್ತಿದ್ದಳೇ?

ಕೊನೆಯ ಅಧ್ಯಾಯಕ್ಕೆ ಬಂದಾಗ ಬೆರಳು ನಿಂತುಹೋಯಿತು.

ಯಜಮಾನಿಗೆ ಉಸಿರು ಸಿಕ್ಕಿಹಾಕಿಕೊಂಡಿದೆ. ಹಾಸಿಗೆಯಿಂದ ಗಂಟೆ ಬಾರಿಸುತ್ತಾಳೆ. ಹೆಂಗಸು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಗಂಟೆ ಅವಳಿಗೆ ಕೇಳಿಸುತ್ತದೆ. ಅವಳು ಏಳುವುದಿಲ್ಲ. ಇನ್ನೊಂದು ಎಸಳು ತೆಗೆದುಕೊಳ್ಳುತ್ತಾಳೆ. ಗಂಟೆ ನಿಲ್ಲುವವರೆಗೂ ಸುಲಿಯುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

ಆಯಮ್ಮ ಪುಸ್ತಕ ಹಿಡಿದು ಮಗಳ ಹತ್ತಿರ ಹೋದಳು.

"ಏನೇ ಇದು? ನಾನು ದೊಡ್ಡಮ್ಮನವರನ್ನ ಸಾಯಿಸಿಬಿಟ್ಟೆನಾ?"

"ನೀನಲ್ಲಮ್ಮ. ಅದು ಪಾತ್ರ."

"ಪಾತ್ರಕ್ಕೆ ನನ್ನ ಕೆಮ್ಮು ಯಾಕೆ ಕೊಟ್ಟೆ ಮತ್ತೆ?"

ಮಗಳು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡಳು. "ಅಷ್ಟು ವರ್ಷ ಕರೆದಾಗಲೆಲ್ಲ ಎದ್ದು ಓಡಿದವಳು, ಕಥೆಯಲ್ಲಾದರೂ ಒಂದು ಸಲ ಕೂತಿರಲಿ ಅಂತ ಅನ್ನಿಸ್ತು."

"ಕೂತ್ಕೊಳ್ಳಕ್ಕೆ ಅದೇ ಹೊತ್ತು ಸಿಕ್ತಾ ಅವಳಿಗೆ? ನಾಳೆ ಅವರು ಓದಿದ್ರೆ?"

"ಅಷ್ಟು ದೊಡ್ಡವರು ನಮ್ಮಂಥವರ ಪುಸ್ತಕ ಎಲ್ಲಮ್ಮ ಓದ್ತಾರೆ?" ಎಂದು ಮಗಳು ತಳ್ಳಿಹಾಕಿದಳು. ಆದರೂ ಅವಳ ದನಿ ಸ್ವಲ್ಪ ಇಳಿದಿತ್ತು.

ಆಯಮ್ಮ ಎನ್ನುವುದು ಆ ಮನೆಯವರು ಇಟ್ಟ ಹೆಸರು. ಅವರ ಮಗನಿಗೆ ಬಾಟಲಿ ಹಾಲು ಕುಡಿಸಲು ಸೇರಿದವಳು. ಈಗ ಆ ಮಗ ಕೆಲಸದ ಮೇಲೆ ಊರೂರು ತಿರುಗುವ ದೊಡ್ಡ ಮನುಷ್ಯ. ಅವನ ತಾಯಿ ದೊಡ್ಡಮ್ಮನವರಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿತ್ತು. ಕಣ್ಣಿಗೂ ಪೊರೆ. ನಾಲಿಗೆಯೂ ಸ್ವಲ್ಪ ತೊದಲುತ್ತಿತ್ತು, ಆದರೆ ಅದರ ಹರಿತ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಅವರನ್ನು ನೋಡಿಕೊಳ್ಳುವುದು ಆಯಮ್ಮನ ಕೆಲಸ. ಹಾಸಿಗೆಯ ಪಕ್ಕದಲ್ಲಿ ಒಂದು ಗಂಟೆಯೂ ಇತ್ತು. ಮಗಳು ಅದನ್ನೂ ಬಿಟ್ಟಿರಲಿಲ್ಲ.

ಸೋಮವಾರ ಹಿಂದಿನ ಮೆಟ್ಟಿಲು ಹತ್ತಿ ಒಳಗೆ ಹೋದ ಆಯಮ್ಮ ಬಾಗಿಲಲ್ಲೇ ನಿಂತಳು. ಊಟದ ಮೇಜಿನ ಮೇಲೆ ಅದೇ ಪುಸ್ತಕ ಕೂತಿತ್ತು.

"ಆಯಮ್ಮ! ನಿನ್ನ ಮಗಳದ್ದಂತೆ! ಹೇಳೇ ಇಲ್ವಲ್ಲ ನೀನು" ಎಂದಳು ಸೊಸೆ. ದೊಡ್ಡಮ್ಮನವರ ಈ ಸೊಸೆ ಹಲ್ಲಿನ ಡಾಕ್ಟರು, ಪಕ್ಕದ ರಸ್ತೆಯಲ್ಲೇ ಕ್ಲಿನಿಕ್ಕು. "ಪೇಪರಿನಲ್ಲಿ ವಿಮರ್ಶೆ ಬಂದಿತ್ತು. ಬಡವರು, ಶ್ರೀಮಂತರು, ಅದರ ನಡುವಿನ ಗೋಡೆ, ಏನೇನೋ ಬರೆದಿದ್ದರು. ಹೊಸಬಳಾದರೂ ಪಾತ್ರಗಳನ್ನ ಜೀವಂತ ನಿಲ್ಲಿಸಿದ್ದಾಳೆ ಅಂತ ಹೊಗಳಿದ್ದಾರೆ. ನಾನು ಶುರು ಮಾಡ್ತೀನಿ ಇವತ್ತು."

"ಸುಮ್ಮನೆ ಏನೋ ಗೀಚಿದ್ದಾಳೆ ಮೇಡಂ. ನಿಮಗೆ ಪುರುಸೊತ್ತೆಲ್ಲಿ" ಎಂದಳು ಆಯಮ್ಮ.

ಸೊಸೆ ಕ್ಲಿನಿಕ್ಕಿಗೆ ಹೊರಟ ಮೇಲೆ ಒಳಗಿನಿಂದ ಗಂಟೆಯ ಸದ್ದು ಬಂತು. ದೊಡ್ಡಮ್ಮನವರಿಗೆ ಕಿವಿ ಮಾತ್ರ ಚುರುಕು. ಮೇಜಿನ ಬಳಿಯ ಮಾತೆಲ್ಲ ಕೇಳಿಸಿಕೊಂಡಿದ್ದರು. "ತಾ ಅದನ್ನ. ನನಗೆ ಓದಿ ಹೇಳು."

"ಅಮ್ಮಾವ್ರೆ, ನನ್ನ ಓದು ನಿಮಗೆ ಗೊತ್ತಲ್ಲ. ಒಂದು ಪುಟಕ್ಕೆ ಒಂದು ಊಟ ಅರಗುತ್ತೆ."

"ನನಗೇನು ಬಸ್ಸು ತಪ್ಪುತ್ತಾ? ತಾ."

ಹೀಗೆ ಮಧ್ಯಾಹ್ನದ ಓದು ಶುರುವಾಯಿತು. ಯಜಮಾನಿಯ ವರ್ಣನೆ ಬಂದಾಗ ಆಯಮ್ಮ ಪದ ನುಂಗಲು ನೋಡಿದಳು. ದೊಡ್ಡಮ್ಮನವರು ಬಿಡಲಿಲ್ಲ. "ನಿಲ್ಲು ನಿಲ್ಲು. 'ಮೂಗಿನಿಂದಲೇ ಅಪ್ಪಣೆ ಕೊಡುತ್ತಿದ್ದಳು' ಅಂತಿದೆಯಾ? ನಾನು ಹಾಗಾ?" ಎಂದು ಕೇಳಿ, ಒಂದೇ ಕಡೆ ಬರುವ ನಗು ನಕ್ಕರು. "ಪಾಪಿ ಮುಂಡೇದು, ಸರಿಯಾಗಿ ನೋಡಿದೆ. ಮುಂದೆ ಓದು."

ಅವರು ನಕ್ಕಷ್ಟೂ ಆಯಮ್ಮನಿಗೆ ಹೆದರಿಕೆ ಹೆಚ್ಚುತ್ತಿತ್ತು. ನಗುನಗುತ್ತ ಕೇಳುತ್ತಿರುವ ಈ ಮುದುಕಿಯನ್ನು ದಿನಕ್ಕೊಂದಷ್ಟು ಪುಟ ಕೈಹಿಡಿದು ನಡೆಸಿಕೊಂಡು ತಾನೇ ಸಾವಿನ ಹತ್ತಿರ ಕರೆದೊಯ್ಯುತ್ತಿದ್ದೇನೆ ಎನ್ನಿಸುತ್ತಿತ್ತು. ಪುಸ್ತಕದೊಳಗೆ ಸೊಸೆ ಇಟ್ಟ ಹಳದಿ ಚೀಟಿಯೊಂದಿತ್ತು, ಅವಳು ಎಲ್ಲಿವರೆಗೆ ಓದಿದ್ದಾಳೆ ಎನ್ನುವುದಕ್ಕೆ. ಆಯಮ್ಮ ಬೆಳಗ್ಗೆ ಬಂದವಳೇ ಮೊದಲು ಅದನ್ನು ನೋಡುತ್ತಿದ್ದಳು. ಚೀಟಿ ದಿನದಿನಕ್ಕೂ ಹಿಂದಿನ ರಟ್ಟಿನ ಕಡೆ ಸರಿಯುತ್ತಿತ್ತು. ಒಂದು ದಿನ ಪುಸ್ತಕವನ್ನೇ ಹಳೆ ಪೇಪರಿನ ರಾಶಿಯೊಳಗೆ ತುರುಕಿಬಿಡೋಣ ಎಂದು ಎತ್ತಿದಳು. ಮಗಳ ಮುಖ ಹಿಂಬದಿಯಿಂದ ನೋಡುತ್ತಿತ್ತು. ವಾಪಸ್ಸು ಇಟ್ಟಳು.

ಕೊನೆಗೆ ಒಂದು ಬೆಳಗ್ಗೆ ಮೇಜಿನ ಮೇಲೆ ಪುಸ್ತಕವೇ ಇರಲಿಲ್ಲ.

"ಬಂದ್ರಾ ಆಯಮ್ಮ? ಕೂತ್ಕೊಳ್ಳಿ" ಎಂದಳು ಸೊಸೆ.

ಬಂದ್ರಾ. ಕೂತ್ಕೊಳ್ಳಿ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ 'ನೀನು' ಎಂದೇ ಕರೆದವಳು. ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ, ಅಭ್ಯಾಸವಷ್ಟೇ. ಇವತ್ತು ಆ ಬಹುವಚನ ಕಿವಿಗೆ ಬಿದ್ದದ್ದೇ ಇವಳು ಕೊನೆಯವರೆಗೆ ಓದಿದ್ದಾಳೆ ಎಂದು ಆಯಮ್ಮನಿಗೆ ಗೊತ್ತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ನಿಮಗೆ ತುಂಬ ಕೆಲಸ ಆಗ್ತಿದೆ ಅನ್ಸುತ್ತೆ. ಇನ್ಮೇಲೆ ಮಾತ್ರೆ ನಾನೇ ಕೊಡ್ತೀನಿ. ಅತ್ತೆ ರೂಮಿಗೆ ಒಂದು ಕ್ಯಾಮೆರಾ ಹಾಕಿಸ್ತಿದ್ದೀವಿ, ಸುಮ್ಮನೆ ಸುರಕ್ಷತೆಗೆ. ತಪ್ಪು ತಿಳ್ಕೋಬೇಡಿ."

"ಮೇಡಂ, ಆ ಪುಸ್ತಕ..."

"ಚೆನ್ನಾಗಿದೆ. ತುಂಬ ಚೆನ್ನಾಗಿದೆ" ಎಂದು ಸೊಸೆ ಗಡಿಬಿಡಿಯಲ್ಲಿ ಚೀಲ ಎತ್ತಿಕೊಂಡಳು. ಆಯಮ್ಮನ ಮುಖ ನೋಡಲಿಲ್ಲ. ಬಾಗಿಲ ಬಳಿ ಹೋದವಳು ತಿರುಗಿ ಬಂದು ಮಾತ್ರೆಯ ಕಪಾಟಿಗೆ ಬೀಗ ಬಿದ್ದಿದೆಯೇ ಎಂದು ಎಳೆದು ನೋಡಿ ಹೋದಳು.

ಮಧ್ಯಾಹ್ನದೊಳಗೆ ಒಬ್ಬ ಬಂದು ಕ್ಯಾಮೆರಾ ಕೂರಿಸಿದ. ಗೋಡೆಯ ಮೂಲೆಯಲ್ಲಿ ಗುಂಡಗಿನ ಬಿಳಿ ಡಬ್ಬಿ, ಅದರಲ್ಲೊಂದು ಕೆಂಪು ಚುಕ್ಕೆ. ಸೊಸೆ ರೋಗಿಗಳ ನಡುವೆ ಫೋನಿನಲ್ಲಿ ನೋಡುತ್ತಾಳಂತೆ. ಆವತ್ತಿನಿಂದ ಆಯಮ್ಮನಿಗೆ ತನ್ನ ಕೈಗಳೇ ಪರಕೀಯವಾದವು. ದಿಂಬು ಸರಿಪಡಿಸುವಾಗ, ದಿಂಬು ಹಿಡಿದ ಕೈ ಆ ಚುಕ್ಕೆಗೆ ಹೇಗೆ ಕಾಣುತ್ತದೋ ಎಂದು ಬೆವರುತ್ತಿದ್ದಳು. ಚಾಕುವಿನಿಂದ ಹಣ್ಣು ಹೆಚ್ಚುವಾಗ ಗೋಡೆಗೆ ಬೆನ್ನು ಮಾಡಬಾರದು ಎಂದು ತಿರುಗಿ ಕೂರುತ್ತಿದ್ದಳು. ಅಡುಗೆಮನೆಗೆ ಹೋದರೆ ಎರಡೇ ನಿಮಿಷಕ್ಕೆ ಓಡಿ ಬರುತ್ತಿದ್ದಳು. ಬೆಳ್ಳುಳ್ಳಿಯನ್ನಂತೂ ಮುಟ್ಟುವುದೇ ಬಿಟ್ಟಳು. ಅಡುಗೆಯವಳು ಬಂದಾಗ ಅವಳೇ ಸುಲಿದುಕೊಳ್ಳಲಿ.

ದೊಡ್ಡಮ್ಮನವರಿಗೆ ಇದ್ಯಾವುದೂ ಗೊತ್ತಿಲ್ಲ. ಸೊಸೆ ಕ್ಯಾಮೆರಾವನ್ನು ಹೊಸ ದೀಪ ಎಂದಿದ್ದಳು. "ಕಥೆ ಎಲ್ಲಿಗೆ ಬಂತು? ಕೊನೇದು ಓದು" ಎಂದು ಅವರದ್ದು ಒಂದೇ ಹಟ.

"ಪುಸ್ತಕ ಮೇಡಂ ತಗೊಂಡು ಹೋಗಿದ್ದಾರೆ."

"ನಿಮ್ಮ ಮನೇಲಿ ಇನ್ನೊಂದು ಇರಲ್ವಾ? ಬರೆದವಳ ತಾಯಿ ಹತ್ತಿರಾನೇ ಇಲ್ಲ ಅಂದ್ರೆ ಯಾರು ನಂಬ್ತಾರೆ?"

ಎರಡು ದಿನ ಮರೆತೆ ಎಂದಳು. ಮೂರನೆಯ ದಿನ ದೊಡ್ಡಮ್ಮನವರು ಊಟಕ್ಕೆ ಬಾಯಿ ತೆರೆಯಲಿಲ್ಲ. ಮಾರನೆಯ ದಿನ ಆಯಮ್ಮ ತನ್ನ ಪ್ರತಿ ತಂದಳು.

ಕುರ್ಚಿಯನ್ನು ಹಾಸಿಗೆಗೆ ಎಳೆದುಕೊಂಡು ಕೂತಳು. ಹಾಸಿಗೆಯ ಮೇಲೆ ತಟ್ಟೆಯಲ್ಲಿ ಸೇಬಿನ ಹೋಳುಗಳಿದ್ದವು. ಮೆತ್ತಗೆ ಮಸೆದು ಕೊಡಬೇಕೆಂದು ಡಾಕ್ಟರು ಹೇಳಿದ್ದರು. "ಹಲ್ಲಿಲ್ಲದ ಕೂಸಾ ನಾನು" ಎಂದು ದೊಡ್ಡಮ್ಮನವರು ಮಸೆಯಲು ಬಿಡುತ್ತಿರಲಿಲ್ಲ. ತೆಳ್ಳಗೆ ಹೆಚ್ಚಿಸಿಕೊಂಡು ಬಲಗೈಯಿಂದ ತಾವೇ ಎತ್ತಿಕೊಳ್ಳುತ್ತಿದ್ದರು.

ಆಯಮ್ಮ ಓದಿದಳು. ಯಜಮಾನಿ ಗಂಟೆ ಬಾರಿಸುವವರೆಗೆ ತಡವರಿಸುತ್ತ ಬಂದಳು. ಅಲ್ಲಿಂದ ಮುಂದೆ ಪುಟದ ಮೇಲೆ ಬೆರಳು ಓಡಿಸುತ್ತ, "ಆ ಹೆಂಗಸಿಗೆ ಗಂಟೆ ಕೇಳಿಸಿತು. ಅವಳು ಕೈಯಲ್ಲಿದ್ದದ್ದನ್ನು ಬಿಸಾಡಿ ಓಡಿಬಂದಳು. ಯಜಮಾನಿಯ ತಲೆ ಎತ್ತಿ ನೀರು ಕುಡಿಸಿದಳು. ಯಜಮಾನಿ ಗೆಲುವಾದಳು" ಎಂದು ಮುಗಿಸಿ ಪುಸ್ತಕ ಮುಚ್ಚಿದಳು.



"ಸುಳ್ಳಿ" ಎಂದರು ದೊಡ್ಡಮ್ಮನವರು. "ಓದುವಾಗ ನೀನು ಕಲ್ಲುಹಾದೀಲಿ ಗಾಡಿ ಹೊಡೆದ ಹಾಗೆ ಓದ್ತೀಯ. ಈಗ ಬಂತಲ್ಲ, ನಲ್ಲಿ ನೀರಿನ ಹಾಗೆ ಬಂತು. ಏನು ಬರೆದಿದ್ದಾಳೆ, ಅದನ್ನ ಓದು."

"ಬೇಡ ಅಮ್ಮಾವ್ರೆ."

"ಸಾಯ್ತೀನಿ ತಾನೇ ನಾನು ಅದರಲ್ಲಿ? ಓದು."

ಆಯಮ್ಮ ಕೆಂಪು ಚುಕ್ಕೆಯನ್ನೊಮ್ಮೆ ನೋಡಿದಳು. ಆಮೇಲೆ ಪುಟ ತೆಗೆದು, ಬೆರಳಿಟ್ಟು, ಒಂದೊಂದೇ ಪದ ಓದಿದಳು. ಬೆಳ್ಳುಳ್ಳಿ. ಕೇಳಿಸಿತು. ಏಳಲಿಲ್ಲ. ಇನ್ನೊಂದು ಎಸಳು. ಮುಗಿಯುವಾಗ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ.

ದೊಡ್ಡಮ್ಮನವರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸಲು ಕೈ ಚಾಚಿದ ಆಯಮ್ಮ ಅರ್ಧದಲ್ಲೇ ಹಿಂದೆಗೆದಳು.

"ನಿನ್ನ ಮಗಳು ಎಲ್ಲ ಸರಿಯಾಗಿ ನೋಡಿದ್ದಾಳೆ" ಎಂದರು ಅವರು. "ಒಂದು ಬಿಟ್ಟು. ಆ ಯಜಮಾನಿಗೆ ಕೊನೇ ಪುಟದ ತನಕ ಹೆದರಿಕೆಯೇ ಇಲ್ಲ. ಬಂಡೆ ಹಾಗೆ ಬರೆದಿದ್ದಾಳೆ. ಈ ಕಾಲು ಬಿದ್ದ ದಿನದಿಂದ ನಾನು ಗಂಟೆ ಹೊಡೆದಾಗಲೆಲ್ಲ ಏನು ಮಾಡ್ತೀನಿ ಗೊತ್ತಾ? ನಿನ್ನ ಚಪ್ಪಲಿ ಸದ್ದಿಗೆ ಕಿವಿ ಕೊಟ್ಟು ಮಲಗಿರ್ತೀನಿ. ಇವತ್ತು ಬರ್ತಾಳೋ ಇಲ್ವೋ ಅಂತ. ಜೀವಮಾನ ಎಲ್ಲಾ ಬಾಯಿಗೆ ಬಂದ ಹಾಗೆ ಅಂದಿದ್ದೀನಲ್ಲ ನಿನಗೆ."

ಈ ಮನೆಯಲ್ಲಿ ಹೆದರುವುದು ತನ್ನೊಬ್ಬಳ ಪಾಲಿನ ಕೆಲಸ ಎಂದುಕೊಂಡಿದ್ದಳು ಆಯಮ್ಮ.

ದೊಡ್ಡಮ್ಮನವರು ಅಳುವನ್ನು ಮುಚ್ಚಿಕೊಳ್ಳಲೆಂದೋ ಏನೋ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡರು. ಬಿಕ್ಕು ಬಂತು. ಹೋಳು ಗಂಟಲಿಗೆ ಇಳಿದು ಅಲ್ಲೇ ಕಚ್ಚಿಕೊಂಡಿತು. ಕೆಮ್ಮಲು ಬಾಯಿ ತೆರೆದರು, ಸದ್ದು ಹೊರಡಲಿಲ್ಲ. ಮುಖ ಕೆಂಪಾಯಿತು. ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿತು.

ಆಯಮ್ಮ ಎದ್ದು ನಿಂತಳು. ನಿಂತೇ ಬಿಟ್ಟಳು.

ಮುಟ್ಟಿದರೆ? ಮುಟ್ಟಿ ಹೆಚ್ಚುಕಮ್ಮಿಯಾದರೆ? ಗೋಡೆಯ ಮೇಲಿನ ಚುಕ್ಕೆ ನೋಡುತ್ತಿದೆ. ಮುಟ್ಟದಿದ್ದರೆ? ಅದನ್ನೂ ನೋಡುತ್ತದೆ. ಕೈಯಲ್ಲಿ ಆ ಪುಸ್ತಕ. ಮಗಳು ಬರೆದಂತೆಯೇ ತಾಯಿ ಮಾಡಿದಳು ಎನ್ನುತ್ತಾರೆ. ಮಗಳನ್ನೂ ಎಳೆದೊಯ್ಯುತ್ತಾರೆ. ಕಾಲು ನೆಲಕ್ಕೆ ಮೊಳೆ ಹೊಡೆದಂತಾಗಿತ್ತು. ಎಷ್ಟು ಹೊತ್ತು ಹಾಗೆ ನಿಂತಳೋ ಅವಳಿಗೇ ತಿಳಿಯದು, ಒಂದು ಉಸಿರಿನಷ್ಟಿರಬಹುದು. ಆಗ ದೊಡ್ಡಮ್ಮನವರ ಪೊರೆಗಣ್ಣು ಅವಳ ಕಡೆ ತಿರುಗಿತು. ಆ ಕಣ್ಣಿನಲ್ಲಿ ಅಪ್ಪಣೆಯಿರಲಿಲ್ಲ.

ಪುಸ್ತಕ ಎಲ್ಲಿ ಬಿತ್ತೋ. ಆಯಮ್ಮ ಹಾಸಿಗೆಯ ಮೇಲೆ ಮಂಡಿಯೂರಿ, ಅವರನ್ನು ಎಳೆದು ತನ್ನ ತೊಡೆಯ ಮೇಲೆ ಬೋರಲು ಬಗ್ಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಬಡಿದಳು. ಮತ್ತೆ ಬಡಿದಳು. "ಬಾ, ಹೊರಗೆ ಬಾ, ಹಾಳಾದ್ದೇ, ಬಾ" ಎಂದು ಸೇಬಿನ ಹೋಳನ್ನು ಬೈಯುತ್ತ ಮೈಯ ಬಲವೆಲ್ಲ ಹಾಕಿ ಬಡಿದಳು. ಎಷ್ಟನೆಯ ಏಟಿಗೋ ಹೋಳು ಹಾರಿ ಹೊದಿಕೆಯ ಮೇಲೆ ಬಿತ್ತು. ದೊಡ್ಡಮ್ಮನವರು ಆಗ ಹುಟ್ಟಿದ ಕರುವಿನಂತೆ ಉಸಿರೆಳೆದರು.

ಅವರನ್ನು ಮಲಗಿಸಿ ಬೆನ್ನು ಸವರುತ್ತಿರುವಾಗ ಮುಂಬಾಗಿಲು ದಢಾರನೆ ತೆರೆಯಿತು. ಸೊಸೆ, ಕೈಯಲ್ಲಿ ಕ್ಲಿನಿಕ್ಕಿನ ರಬ್ಬರ್ ಗ್ಲೌಸು ಇನ್ನೂ ಹಾಗೇ. ಅವಳ ಹಿಂದೆ ಕಟ್ಟಡದ ಕಾವಲುಗಾರ.

"ಬಿಡಿ ಅವರನ್ನ! ದೂರ ಹೋಗಿ! ನಾನು ನೋಡ್ದೆ, ಹೊಡೀತಿದ್ರಿ ನೀವು!"

ಆಯಮ್ಮ ಕೈ ಎತ್ತಿ ಗೋಡೆಗೆ ಅಂಟಿ ನಿಂತಳು. ಕಾವಲುಗಾರ, ದಿನಾ ಬೆಳಗ್ಗೆ ಅವಳ ಜೊತೆ ಟೀ ಕುಡಿಯುವವನು, ಹತ್ತಿರ ಬರಲೋ ಬೇಡವೋ ಎಂದು ಬಾಗಿಲಲ್ಲೇ ತಡವರಿಸಿದ.

"ಹೊಡೆದಳು" ಎಂಬ ದನಿ ಹಾಸಿಗೆಯಿಂದ ಬಂತು, ಒಡಕು ಒಡಕಾಗಿ. "ಹೊಡೀದೇ ಇದ್ದಿದ್ರೆ ನೀನೀಗ ಹೆಣ ನೋಡ್ತಿದ್ದೆ. ಆ ಹೋಳು ನೋಡು ಅಲ್ಲಿ."

ಸೊಸೆ ಹೋಳನ್ನು ನೋಡಿದಳು. ಫೋನಿನಲ್ಲಿ ಸದ್ದಿರಲಿಲ್ಲ, ಬಡಿಯುವ ಕೈ ಮಾತ್ರ ಕಂಡಿತ್ತು. ಅವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಆದರೆ ಅಳು ಮುಗಿದ ಮೇಲೂ ಅವಳ ಹೆದರಿಕೆ ಮುಗಿದಿರಲಿಲ್ಲ. ಸಂಜೆ ದೊಡ್ಡಮ್ಮನವರ ಮಗನಿಂದ ಫೋನು ಬಂತು. "ತಪ್ಪು ನಿಮ್ಮದಲ್ಲ ಆಯಮ್ಮ. ಆದ್ರೂ ಸ್ವಲ್ಪ ದಿನ ಮನೇಲಿರಿ. ಇವಳಿಗೆ ಕ್ಲಿನಿಕ್ಕಿನಲ್ಲಿ ಕೂರಕ್ಕಾಗ್ತಿಲ್ಲ." ಅವನಿಗೂ ಬಹುವಚನ ಬಂದುಬಿಟ್ಟಿತ್ತು, ಎದೆಹಾಲಿನ ಬದಲು ಇವಳ ಕೈಯ ಬಾಟಲಿ ಕುಡಿದು ಬೆಳೆದವನಿಗೆ.

ಮನೆಯಲ್ಲಿ ಆಯಮ್ಮ ನಡೆದದ್ದನ್ನೆಲ್ಲ ಮಗಳಿಗೆ ಹೇಳಿದಳು, ಒಂದು ಉಸಿರಿನಷ್ಟು ಹೊತ್ತು ನಿಂತದ್ದನ್ನೂ. ಮಗಳ ಮುಖ ಬಿಳಿಚಿಕೊಂಡಿತು. "ನಾನು ಹಾಗೆ ಬರೀಬಾರದಿತ್ತಮ್ಮ."

"ನೀನು ಬರೆದವಳು ಸಿಟ್ಟಿಗೆ ಕೂತಳು. ನಾನು ಹೆದರಿ ನಿಂತೆ. ನೋಡೋರಿಗೆ ಎರಡೂ ಒಂದೇ ತರ ಕಾಣುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ ಕಣೇ" ಎಂದಳು ಆಯಮ್ಮ. ಮಗಳನ್ನು ಬೈಯಬೇಕೆಂದೇ ಬಂದಿದ್ದಳು, ಬೈಗುಳ ಬಾಯಿಗೆ ಬರಲಿಲ್ಲ.

ಮುಂದಿನ ವಾರ ಸೊಸೆಯೇ ಬಂದಳು. ಆ ಇಕ್ಕಟ್ಟಿನ ಮೆಟ್ಟಿಲನ್ನು ಅವಳು ಹತ್ತಿದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತಳು.

"ಅತ್ತೆ ಊಟ ಬಿಟ್ಟಿದ್ದಾರೆ. ಹೊಸ ನರ್ಸ್ ಬಾಯಿಗಿಟ್ಟಿದ್ದನ್ನ ಅವಳ ಮೇಲೇ ಉಗುಳಿದ್ರು. ನೀವು ಬರಬೇಕು. ಕ್ಯಾಮೆರಾ ತೆಗೆಸಿದ್ದೀನಿ."

ಸೊಸೆ ಕೋಣೆಯ ನಡುವಿನ ಪರದೆಯ ಕಡೆ ನೋಡಿ ದನಿ ತಗ್ಗಿಸಿದಳು. ಪರದೆಯ ಆಚೆ ಮಗಳು ಕೀಲಿಮಣೆ ಕುಟ್ಟುತ್ತಿದ್ದಳು.

"ಅವರು... ಇನ್ನೊಂದು ಬರೀತಿದ್ದಾರಾ?"

ಕುಟ್ಟುವ ಸದ್ದು ನಿಂತಿತು.

"ಅದರಲ್ಲಿ ನಾನಿರ್ತೀನಾ ಆಯಮ್ಮ? ನಾನು ಓಡಿ ಬಂದಿದ್ದು, ಕೂಗಿದ್ದು, ಅದೆಲ್ಲ ಬರುತ್ತಾ?" ಇಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆಯಮ್ಮನಿಗೆ ಆ ಮಾತು ಹೊರಡಲಿಲ್ಲ.

"ಅವಳು ಏನು ಬರೀತಾಳೋ ನನಗೇನು ಗೊತ್ತು ಮೇಡಂ. ಅವಳ ಪುಸ್ತಕ ಅಂದ್ರೆ ನನಗೂ ಹೆದರಿಕೆಯೇ." ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದಳು, "ನಾನು ಬರ್ತೀನಿ. ಆದ್ರೆ ಕ್ಯಾಮೆರಾ ತೆಗೀಬೇಡಿ. ತಿರುಗಿ ಹಾಕಿಸಿ."

"ಯಾಕೆ?"

"ನಾಳೆ ಏನಾದ್ರೂ ಆದ್ರೆ ನನ್ನ ಮಾತನ್ನ ಯಾರು ನಂಬ್ತಾರೆ? ಈ ಸಲ ಸದ್ದೂ ಕೇಳಿಸೋದನ್ನ ಹಾಕಿಸಿ."

ಸೊಸೆಗೆ ಅವಮಾನವಾಯಿತೋ ಸಮಾಧಾನವಾಯಿತೋ, ತಲೆಯಾಡಿಸಿದಳು.

ಹೀಗೆ ಆಯಮ್ಮ ಮರಳಿ ಹೋದಳು. ಕೆಂಪು ಚುಕ್ಕೆಯ ಕೆಳಗೆ ಇಬ್ಬರೂ ಮುದುಕಿಯರು ಬೇರೆ ಬೇರೆ ಪುಸ್ತಕ ಓದಿದರು, ಜಗಳವಾಡಿದರು. ಸೇಬನ್ನು ಮಸೆದೇ ಕೊಡುತ್ತಿದ್ದಳು, ದೊಡ್ಡಮ್ಮನವರು ಬೈದುಕೊಂಡೇ ತಿನ್ನುತ್ತಿದ್ದರು. ಹೆದರಿಕೆ ಹೋಗಲಿಲ್ಲ. ಆ ಮನೆಯಲ್ಲಿ ಅದೂ ಒಬ್ಬ ಮನುಷ್ಯನಂತೆ ಇರತೊಡಗಿತು, ಎಲ್ಲರೂ ಅದಕ್ಕೆ ಜಾಗ ಬಿಟ್ಟು ನಡೆಯುತ್ತಿದ್ದರು.

ಚಳಿಗಾಲದ ಒಂದು ಭಾನುವಾರ, ಆಯಮ್ಮನ ರಜೆಯ ದಿನ, ಬೆಳಗ್ಗೆ ಸೊಸೆಯ ಫೋನು ಬಂತು. ದೊಡ್ಡಮ್ಮನವರು ನಿದ್ದೆಯಲ್ಲೇ ಹೋಗಿದ್ದರು. ಮಗನೂ ಊರಲ್ಲಿದ್ದ, ಡಾಕ್ಟರು ಬಂದು ನೋಡಿಯಾಗಿತ್ತು.

ಆಯಮ್ಮ ಫೋನು ಕೆಳಗಿಟ್ಟಳು. ಮೊದಲು ಅವಳ ಮೈಯೆಲ್ಲ ಹಗುರವಾಯಿತು. ಸದ್ಯ, ನಾನಲ್ಲಿರಲಿಲ್ಲ! ಅದೇ ಮೊದಲು ಬಂದದ್ದು, ದುಃಖಕ್ಕಿಂತ ಮುಂಚೆ. ಆಮೇಲೆ ತಾನೇನು ಅಂದುಕೊಂಡೆ ಎನ್ನುವುದು ತಿಳಿಯಿತು. ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಅಷ್ಟು ವರ್ಷ ಮೈ ತೊಳೆಸಿ, ತಲೆ ಬಾಚಿ, ಬೈಸಿಕೊಂಡು, ಉಣ್ಣಿಸಿದ ಜೀವ ಹೋಯಿತೆಂದು ಕೇಳಿ ಮೊದಲು ಹಗುರಾಗುವ ಹಾಗಾಯಿತಲ್ಲ ಎಂದು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

ಮಗಳು ಓಡಿಬಂದು ಪಕ್ಕದಲ್ಲಿ ಕೂತಳು. "ಏನಾಯ್ತಮ್ಮ? ಯಾರ ಫೋನು?"

ಆಯಮ್ಮ ಹೇಳಿದಳು, ಸಾವನ್ನೂ, ತಾನು ಹಗುರಾದದ್ದನ್ನೂ. ಮಗಳು ಅವಳ ಬೆನ್ನು ಸವರುತ್ತ ಕೂತಿದ್ದಳು. ಆಯಮ್ಮ ಎದ್ದು ಮುಖ ತೊಳೆದುಕೊಂಡಳು.

"ಹೊರಡು, ನೀನೂ ಬಾ" ಎಂದಳು. "ಒಬ್ಬಳೇ ಹೋಗಕ್ಕೆ ನನಗೆ ಧೈರ್ಯ ಇಲ್ಲ."

ತಾಯಿ ಮಗಳಿಬ್ಬರೂ ಬಾಗಿಲಿಗೆ ಬೀಗ ಹಾಕಿ ಬಸ್ಸು ನಿಲ್ಲುವ ಕಡೆಗೆ ನಡೆದರು.